ಎಡಹುಬ್ಬಿನ ನೇರಕ್ಕೆ

"ನಿನ್ನ ನೋಡಾಕೆ ಗಂಡಿನ ಕಡೆಯೋರು ಬರ್ತಾರಲ್ಲ, ಅವತ್ತು ನಿನ್ನ ಬೈತಲೆ ನಾನೇ ತೆಗೀತೀನಿ. ಆತಾ?"

ಜಟ್ಟಪ್ಪ ಮಗಳಿಗೆ ಹೀಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ಶಿಕಾರಿಪುರದ ಸಂತೆ ಬಯಲಿನ ಅಂಚಿಗೆ ಅವನ ಕ್ಷೌರದಂಗಡಿ. ಒಂದು ಮರದ ಕುರ್ಚಿ, ಕಾಯುವವರಿಗೊಂದು ಬೆಂಚು, ಗೋಡೆಗೆ ಅಂಚೆಲ್ಲ ಕಪ್ಪಾದ ಒಂದು ದೊಡ್ಡ ಕನ್ನಡಿ. ಅಪ್ಪನಿಗೆ ಬುತ್ತಿ ತಂದಿದ್ದ ಅಕ್ಕನಾಗಮ್ಮ, ಕುರ್ಚಿ ಖಾಲಿಯಾದದ್ದೇ ತಡ, ಹತ್ತಿ ಕೂತಿದ್ದಳು. ಅಷ್ಟು ಹೊತ್ತು ಅಲ್ಲಿ ಕೂತಿದ್ದ ಮೇಷ್ಟ್ರು ಅಂಗಡಿಗೆ ಬಂದಾಗ ಒಂದು ಥರ ಇದ್ದವರು ಇಳಿದು ಹೋಗುವಾಗ ಇನ್ನೊಂದು ಥರ ಕಂಡದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದಳು.

"ನಂಗೂ ಹಂಗೇ ತೆಗಿ ಅಪ್ಪಾ" ಎಂದು ಮುಖ ಎತ್ತಿ ಕಣ್ಣು ಮುಚ್ಚಿದಳು.

ಜಟ್ಟಪ್ಪ ಬಾಚಣಿಗೆ ಎತ್ತಿದ. ಕನ್ನಡಿಯಲ್ಲಿ ಮಗಳ ತಲೆಯ ಮೇಲೆ ತನ್ನ ಕೈ ಕಂಡಿತು. ಕಂಡ ಕೂಡಲೆ ಕೆಳಗಿಳಿಸಿದ. ಕಣ್ಣು ತೆರೆದವಳ ಮುಖ ಚಿಕ್ಕದಾಯಿತು. ಆಗ ಅವನ ಬಾಯಿಂದ ಬಂದ ಮಾತು ಅದು. "ಆಣೆ ಹಾಕು" ಅಂದಳು. ಹಾಕಿದ.

ಅವನು ಕೈ ಇಳಿಸಿದ್ದಕ್ಕೆ ಕಾರಣವಿತ್ತು. ಅವನ ಅಪ್ಪನ ಕಾಲದಿಂದ ಅಗ್ರಹಾರದ ಕೆಲವು ಮನೆಗಳ ಹಿತ್ತಿಲ ಬಾಗಿಲಿನಿಂದ ಕರೆ ಬರುತ್ತಿತ್ತು. ಗಂಡ ಸತ್ತ ಹೆಣ್ಣುಮಗಳನ್ನು ಕೂರಿಸಿ ತಲೆ ಬೋಳಿಸಿ ಬರುವ ಕೆಲಸ. ಜಟ್ಟಪ್ಪನೂ ಹೋಗಿದ್ದಾನೆ, ನಾಲ್ಕಾರು ಸಲ. ಆ ಕೆಲಸಕ್ಕೆ ಹೋಗುವ ಕೈ ತಮ್ಮ ಮನೆಯ ಹೆಣ್ಣುಮಕ್ಕಳ ಕೂದಲು ಮುಟ್ಟಬಾರದು ಎಂಬುದು ಅವರ ಮನೆಯಲ್ಲಿ ಹಿಂದಿನಿಂದ ಬಂದದ್ದು. ಅವನ ಅಪ್ಪ ಒಂದು ದಿನವೂ ಮಗಳ ತಲೆ ನೇವರಿಸಿದವನಲ್ಲ. ಮುದ್ದು ಬಂದರೆ ಬೆನ್ನು ತಟ್ಟುತ್ತಿದ್ದ, ಅಷ್ಟೆ.

ಜಟ್ಟಪ್ಪ ಒಂದು ಸಲ ಅದನ್ನು ಮೀರಿದ್ದ. ತಂಗಿ ಲೋಕಮ್ಮನನ್ನು ಉಳವಿಗೆ ಕೊಡುವಾಗ, ಇಪ್ಪತ್ತರ ಹುರುಪಿನಲ್ಲಿ, "ಇದೆಲ್ಲ ಹಳೇ ಪುರಾಣ" ಎಂದು ಅವಳನ್ನು ಕೂರಿಸಿಕೊಂಡು ತಾನೇ ಬೈತಲೆ ತೆಗೆದಿದ್ದ. ನೋಡಿದವರೆಲ್ಲ ಹುಡುಗಿ ಬದಲಾದಳೇ ಅಂದಿದ್ದರು. ಹನ್ನೊಂದನೆಯ ತಿಂಗಳಿಗೆ ಲೋಕಮ್ಮನ ಗಂಡ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿ ಸತ್ತ. ಲೋಕಮ್ಮ ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದಳು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಜಟ್ಟಪ್ಪನ ಹೆಂಡತಿ ಸುಂಕಲಮ್ಮ ಮಾತ್ರ, ಮಗಳು ಹುಟ್ಟಿ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ, ಗಂಡನ ಕಡೆ ನೋಡದೆ ಹೇಳಿದ್ದಳು: "ಇದರ ತಲೆ ಒಂದು ಮುಟ್ಟಬ್ಯಾಡ್ರಿ. ಬ್ಯಾರೆ ಏನಾರ ಮಾಡ್ಕಳ್ರಿ."

ಆದರೆ ಬೈತಲೆಯ ವಿಷಯದಲ್ಲಿ ಜಟ್ಟಪ್ಪನಂಥ ಕಣ್ಣು ಆ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ಬೇರೆ ಕ್ಷೌರಿಕರು ಬಂದವನ ತಲೆ ನೋಡುತ್ತಿದ್ದರು, ಇವನು ಮುಖ ನೋಡುತ್ತಿದ್ದ. ಗಲ್ಲ ಹಿಡಿದು ಎಡಕ್ಕೊಂದು ಸಲ ಬಲಕ್ಕೊಂದು ಸಲ ತಿರುಗಿಸಿ, ಒಂದು ಕಣ್ಣು ಮುಚ್ಚಿ ಕನ್ನಡಿಗೆ ನೋಡಿ, ಆಮೇಲೆ ಬಾಚಣಿಗೆ ಮುಟ್ಟುತ್ತಿದ್ದ. ದುಂಡು ಮುಖದವನಿಗೆ ನಡುಬೈತಲೆ ಆದೀತು, ಮುಖ ಒಂದಿಷ್ಟು ಇಳಿಯುತ್ತದೆ. ಉದ್ದ ಮುಖದವನಿಗೆ ನಡುಬೈತಲೆ ತೆಗೆದರೆ ಕೆಟ್ಟಿತು, ಸೋರೆಕಾಯಿಗೆ ನಡುವೆ ಗೀರು ಹಾಕಿದ ಹಾಗೆ. ಅಂಥವನಿಗೆ ಹುಬ್ಬು ಎಲ್ಲಿ ಏರುತ್ತದೋ ಅದರ ನೇರದಿಂದ ಓರೆಯಾಗಿ ತೆಗೆದು, ಕೂದಲನ್ನು ಹಣೆಯ ಮೇಲೆ ತುಸು ಇಳಿಬಿಡಬೇಕು. ದವಡೆ ಅಗಲವಿದ್ದರೆ ಒಂದು ಲೆಕ್ಕ, ಹಣೆ ಕಿರಿದಿದ್ದರೆ ಇನ್ನೊಂದು. ಹೆಣ್ಣು ನೋಡಲು ಹೊರಟ ಗಂಡುಗಳು ಶಿರಾಳಕೊಪ್ಪದಿಂದ ಬಸ್ಸು ಹತ್ತಿ ಬಂದು ಅವನ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದರು. "ಜಟ್ಟಪ್ಪ ಬೈತಲೆ ತೆಗೆದ್ರೆ ಅರ್ಧ ಮದುವೆ ಆದಂಗೆ" ಎಂದು ಬೆಂಚಿನ ಮೇಲೆ ನಗೆಯಾಡುತ್ತಿದ್ದರು.

ಅವನ ಮಗಳ ಮುಖ ಮಾತ್ರ ಉದ್ದಕ್ಕೆ ಬೆಳೆಯಿತು. ಹಣೆ ದೊಡ್ಡದು. ಸಾಲದ್ದಕ್ಕೆ ಬಲಹುಬ್ಬಿನ ನೇರಕ್ಕೆ, ಕೂದಲು ಶುರುವಾಗುವಲ್ಲೇ, ಒಂದು ಸುಳಿ. ಸುಂಕಲಮ್ಮ ದಿನಾ ಬೆಳಿಗ್ಗೆ ಮಗಳನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ಅಂಗೈ ತುಂಬ ಹರಳೆಣ್ಣೆ ಬಡಿದು, ಮೂಗಿನ ನೇರಕ್ಕೆ ನಡುಬೈತಲೆ ತೆಗೆದು, ಕಣ್ಣು ಮೇಲಕ್ಕೆಳೆಯುವ ಹಾಗೆ ಜಡೆ ಬಿಗಿಯುತ್ತಿದ್ದಳು. ಅವಳಿಗೂ ಅವಳ ಅಮ್ಮ ಹಾಗೇ ಮಾಡಿದ್ದು. ಅಂಗಡಿಗೆ ಹೊರಟ ಜಟ್ಟಪ್ಪ ಹೊಸಿಲ ಮೇಲೆ ನಿಂತು ಅದನ್ನು ನೋಡುತ್ತಿದ್ದ. ಎಡಹುಬ್ಬಿನ ನೇರದಿಂದ ತೆಗೆದು ಕೂದಲನ್ನೆಲ್ಲ ಬಲಕ್ಕೆ ಸಡಿಲವಾಗಿ ಇಳಿಸಿದರೆ ಹಣೆ ಸಣ್ಣದಾಗುತ್ತದೆ, ಮುಖ ತುಂಬಿಕೊಳ್ಳುತ್ತದೆ, ಸುಳಿ ಇದ್ದದ್ದೇ ಗೊತ್ತಾಗುವುದಿಲ್ಲ ಎಂದು ಅವನಿಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದುಕೊಂಡು ಚಪ್ಪಲಿ ಮೆಟ್ಟಿ ಹೋಗುತ್ತಿದ್ದ.

ಅಕ್ಕನಾಗಮ್ಮನಿಗೆ ಹದಿನೆಂಟಾಯಿತು. ಮೊದಲು ನೋಡಲು ಬಂದವರು ಹೊನ್ನಾಳಿ ಕಡೆಯವರು. ಉಪ್ಪಿಟ್ಟು ತಿಂದು, ಹೇಳಿ ಕಳಿಸುತ್ತೇವೆ ಎಂದು ಹೋದರು. ಆರು ತಿಂಗಳ ಮೇಲೆ ಬಂದ ಎರಡನೆಯವರು ಅಷ್ಟನ್ನೂ ಹೇಳಲಿಲ್ಲ. ಬಂದಿದ್ದ ಒಬ್ಬ ಮುದುಕಿ ಬೀದಿ ದಾಟುವ ಮೊದಲೇ, "ಏನ್ ಮಕನೇ ಅದು, ಮೊಳ ಹಾಕಿ ಅಳೀಬೇಕು" ಅಂದದ್ದು ಒಳಗಿದ್ದವರಿಗೆಲ್ಲ ಕೇಳಿತು. ಅಕ್ಕನಾಗಮ್ಮ ಲೋಟಗಳನ್ನು ತೆಗೆದು ತೊಳೆದಿಟ್ಟಳು. ಮೊದಲನೆಯ ಸಲವೂ, ಎರಡನೆಯ ಸಲವೂ ಅವಳು ಅಪ್ಪನಿಗೆ ಮಾತನ್ನು ನೆನಪಿಸಿರಲಿಲ್ಲ. ಮರೆತಿದ್ದಾಳೆ ಎಂದು ಜಟ್ಟಪ್ಪ ಸಮಾಧಾನ ಮಾಡಿಕೊಂಡಿದ್ದ.

ಸೊರಬದ ಪರಮಶಿವಪ್ಪನ ಮನೆಯವರು ಬರುತ್ತಾರೆ ಎಂದು ಸುದ್ದಿ ಬಂದದ್ದು ಮೂರನೆಯದು. ಪರಮಶಿವಪ್ಪನದೂ ಇದೇ ಕಸುಬು. ಮಗ ಮಾಸ್ತಪ್ಪ ಮಾತ್ರ ಕತ್ತರಿ ಬಿಟ್ಟು ತಾಲೂಕು ಕಚೇರಿಯಲ್ಲಿ ಜವಾನನಾಗಿದ್ದ. ಸರ್ಕಾರಿ ಸಂಬಳದ ಗಂಡು. ಇದು ತಪ್ಪಿದರೆ ಇನ್ನು ಎರಡನೇ ಸಂಬಂಧದವರೇ ಗತಿ ಎಂದು ಸುಂಕಲಮ್ಮನೇ ಬಾಯಿಬಿಟ್ಟು ಹೇಳಿದಳು.

"ಹಂಗಾದ್ರೆ ಈ ಸಲ ಓರೆ ಬೈತಲೆ ತೆಗೀಲಿ" ಅಂದ ಜಟ್ಟಪ್ಪ.

"ನಾಟಕದೋರ ಹಂಗೆ?"

"ನಾಟಕದೋರು ಸುಮ್ನೆ ತೆಗೀತಾರೇನೇ? ಮಕಕ್ಕೆ ಒಪ್ತತಿ ಅಂತ ತೆಗೀತಾರೆ. ನಾನು ಇಪ್ಪತ್ತೈದು ವರ್ಷದಿಂದ ಇದೇ ಮಾಡ್ತಿರಾದು. ಊರಿನ ಗಂಡಸ್ರೆಲ್ಲ ನನ್ನ ಮಾತು ಕೇಳ್ತಾರೆ, ನೀನೊಬ್ಳು ಕೇಳಲ್ಲ."

ಸುಂಕಲಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕುಕ್ಕಿದಳು. "ಆಕಿನೇ ತಕ್ಕೊಳ್ಳಲಿ" ಅಂದಳು. "ನೀವು ಬಾಯಲ್ಲಿ ಹೇಳ್ಕೊಡ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ. ನಿಮ್ ಕಾಲಿಗೆ ಬೀಳ್ತೀನಿ."

ಅವಳು ಜಗಳವಾಡಿದ್ದರೆ ಜಟ್ಟಪ್ಪ ಇನ್ನೊಂದು ಮಾತು ಆಡುತ್ತಿದ್ದನೇನೋ. ಕಾಲಿಗೆ ಬೀಳುತ್ತೇನೆ ಅಂದದ್ದಕ್ಕೆ ತಲೆಯಾಡಿಸಿದ.

ನಾಳೆ ಮಧ್ಯಾಹ್ನದ ಬಸ್ಸಿಗೆ ಅವರು ಬರುತ್ತಾರೆ ಎನ್ನುವ ದಿನ, ಅವನು ಅಂಗಡಿ ಮುಚ್ಚಿ, ಸ್ನಾನ ಮಾಡಿ ಒಳಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ದೀಪದ ಹೊತ್ತಿನಲ್ಲಿ ಹೆಣ್ಣುಮಕ್ಕಳು ಜಡೆ ಬಿಚ್ಚುವ ಹಾಗಿಲ್ಲ. ಸುಂಕಲಮ್ಮ ಆಗಲೇ ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದಳು.

"ಬಿಚ್ಚಿ ಒಂದ್ ಸಲ ತೆಗೆದು ನೋಡಿದ್ರೆ ಚಲೋ ಇತ್ತು" ಅಂದ.

"ಈ ಹೊತ್ನಾಗಾ? ನಾಳೆ ಎರಕೊಂಡ ಮ್ಯಾಲೆ ತೆಕ್ಕೊಂತಾಳೆ ಬಿಡ್ರಿ."

ಹಾಗಾಗಿ ಅಪ್ಪ ಮಗಳು ನಡುಮನೆಯಲ್ಲಿ ಎದುರುಬದುರು ಕೂತರು. ಜಟ್ಟಪ್ಪ ತನ್ನ ತಲೆಗೇ ನೀರು ಹಚ್ಚಿಕೊಂಡು ತನ್ನ ಎಡಹುಬ್ಬಿನ ಮೇಲೆ ಬಾಚಣಿಗೆ ಹಿಡಿದ. ಇಪ್ಪತ್ತೈದು ವರ್ಷ ಅವನು ಜನರ ಬೆನ್ನ ಹಿಂದೆ ನಿಂತು ಕೆಲಸ ಮಾಡಿದವನು. ಅವನೂ ಕುರ್ಚಿಯಲ್ಲಿ ಕೂತವನೂ ಇಬ್ಬರೂ ಕನ್ನಡಿಯತ್ತ ಮುಖ ಮಾಡಿದವರು. ಒಬ್ಬರ ಎದುರಿಗೆ ಕೂತು ಬೈತಲೆ ತೋರಿಸಿದ್ದು ಅದೇ ಮೊದಲು.

"ನೋಡವ್ವ, ಹುಬ್ಬು ಇಲ್ಲಿ ಏರ್ತತಲ್ಲ, ಇದರ ನೇರ. ಬಾಚಣಿಗೆ ಮೂಲೆ ಇಲ್ಲಿಡಬೇಕು. ಇಟ್ಟು ಹಿಂದಕ್ಕೆ ಎಳಕೊಂಡು ಹೋಗು, ನೆತ್ತಿ ಮುಟ್ಟಬ್ಯಾಡ, ನಾಲ್ಕು ಬೆರಳು ಮುಂಚೇನೇ ನಿಲ್ಸು. ಆಮ್ಯಾಲೆ ಇದನ್ನೆಲ್ಲ ಆ ಕಡೆ ಬಿಡು. ಬಿಗೀಬ್ಯಾಡ, ಸಡ್ಲ ಬಿಡು. ನೋಡ್ಕಂಡ್ಯಾ?"

"ನೋಡ್ಕಂಡೆ."

ಅವಳು ಬೆರಳಿನಿಂದ ಗಾಳಿಯಲ್ಲೇ ಹಣೆಯ ಮುಂದೆ ಗೀರೆಳೆದು ತೋರಿಸಿದಳು. ಬುಡ್ಡಿ ದೀಪದ ಬೆಳಕು ಅವಳ ಬೆನ್ನಿಗಿತ್ತು. ಜಟ್ಟಪ್ಪನಿಗೆ ಬೆರಳು ಆಡಿದ್ದು ಕಂಡಿತು, ಯಾವ ಕಡೆ ಆಡಿತು ಎಂದು ಅವನು ಗಮನಿಸಲಿಲ್ಲ.

ಎದ್ದು ಹೋಗುವಾಗ ಅವಳು ಮೆಲ್ಲಗೆ ಅಂದಳು: "ನೀನೇ ತೆಗೀತೀನಿ ಅಂದಿದ್ದೆ."

ಮರೆತಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ಹೋಗಬಾರದೆಂದೇ ಇದ್ದ. ಯಾರದೋ ಮನೆಯಲ್ಲಿ ಸಾವಾಗಿ ಕೆರೆಯ ಏರಿಗೆ ಕರೆ ಬಂತು. ಇಲ್ಲ ಅನ್ನುವ ಕರೆಯಲ್ಲ ಅದು. ಐದು ತಲೆ ಬೋಳಿಸಿ, ಓಡುತ್ತ ಮನೆಗೆ ಬಂದು ಹಿತ್ತಿಲಲ್ಲಿ ಚೊಂಬಿನಿಂದ ನೀರು ಹೊಯ್ದುಕೊಳ್ಳುವಾಗಲೇ ಮುಂದಿನ ಬಾಗಿಲಲ್ಲಿ ಚಪ್ಪಲಿ ಸದ್ದು, "ಬರ್ರಿ, ಬರ್ರಿ" ಎಂಬ ಸುಂಕಲಮ್ಮನ ದನಿ ಕೇಳಿತು. ಒದ್ದೆ ತಲೆಯಲ್ಲೇ ಪಂಚೆ ಸುತ್ತಿಕೊಂಡು ಅಡುಗೆಮನೆಯ ಕಡೆಯಿಂದ ಒಳಗೆ ಬಂದ. ಲೋಕಮ್ಮ ಒಲೆಯ ಮುಂದೆ ಕೂತಿದ್ದಳು. ಇಂಥ ದಿನ ಅವಳು ನಡುಮನೆಗೆ ಬರುವವಳಲ್ಲ.

ಅಕ್ಕನಾಗಮ್ಮ ತಟ್ಟೆ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು. ಹಸಿರು ಸೀರೆ, ಮುಡಿಗೆ ಸೇವಂತಿಗೆ.

"ಸರಿ ಐತಾ ಅಪ್ಪಾ?"

ಸರಿ ಇರಲಿಲ್ಲ. ಎದುರಿಗೆ ಕೂತು ನೋಡಿದವಳು ನೋಡಿದಂತೆಯೇ ಮಾಡಿದ್ದಳು. ಅವನ ಎಡಕ್ಕೆ ಎದುರಾದ ತನ್ನ ಬಲಕ್ಕೆ. ಬೈತಲೆ ಬಲಹುಬ್ಬಿನ ನೇರಕ್ಕೆ ಬಂದು ಆ ಸುಳಿಯನ್ನು ಸೀಳಿಕೊಂಡು ಹೋಗಿತ್ತು. ಸೀಳಿದ ಕಡೆ ಕೂದಲು ಎದ್ದು, ಚಿಕ್ಕ ಗರಿಯ ಹಾಗೆ ನಿಂತಿತ್ತು. ಎಂದೂ ಅಷ್ಟು ಎದ್ದು ಕಾಣದಿದ್ದ ಸುಳಿ ಈಗ ಮುಖಕ್ಕಿಂತ ಮೊದಲು ಕಾಣುತ್ತಿತ್ತು.

ಹೊರಗೆ ಪರಮಶಿವಪ್ಪ ಕಾಲು ತೊಳೆಯುತ್ತ ಬಸ್ಸಿನ ಧೂಳಿನ ಮಾತಾಡುತ್ತಿದ್ದ. ಬೆಲ್ಲ ನೀರು ಕುಡಿದು ಚಾಪೆಯ ಮೇಲೆ ಕೂರುವಷ್ಟು ಹೊತ್ತು ಇತ್ತು. ಬಾಚಣಿಗೆ ಗೂಡಿನಲ್ಲಿತ್ತು. ಜಟ್ಟಪ್ಪನ ಕೈಗೆ ಅದು ಉಸಿರು ಬಿಗಿಹಿಡಿಯುವಷ್ಟು ಹೊತ್ತಿನ ಕೆಲಸ.

ಲೋಕಮ್ಮ ಒಲೆಯಿಂದ ತಿರುಗಿ ನೋಡಿದಳು. ಅವಳಿಗೂ ಕಂಡಿತು.

"ನೀನೇ ಒಂದ್ ಕೈ ಹಾಕಣ್ಣ" ಅಂದಳು, ತಗ್ಗಿದ ದನಿಯಲ್ಲಿ. "ಬೇಗ."

ಅವನು ನಿಂತೇ ಇದ್ದ.

"ನಮ್ಮ ಮನೆಯೋರು ಸತ್ತದ್ದು ಹಾವು ಕಚ್ಚಿ. ನಿನ್ನ ಕೈಯಿಂದ ಅಲ್ಲ. ನಾ ಯಾವತ್ತಾರ ಹಂಗೆ ಅಂದೀನಾ? ನಾನೇ ಹೇಳ್ತೀನಿ, ತೆಗಿ."

ಜಟ್ಟಪ್ಪ ಬಾಚಣಿಗೆ ತೆಗೆದುಕೊಂಡ. ಮಗಳು ಮುಖ ಎತ್ತಿ ಕಣ್ಣು ಮುಚ್ಚಿದಳು, ಆರು ವರ್ಷದವಳಿದ್ದಾಗ ಕುರ್ಚಿಯ ಮೇಲೆ ಮುಚ್ಚಿದ್ದ ಹಾಗೆಯೇ. ಅವನ ಬೆರಳ ಸಂದಿಯಲ್ಲಿ ಕೆರೆ ಏರಿಯ ಕೂದಲಿನ ಚೂರೊಂದು ಇನ್ನೂ ಅಂಟಿಕೊಂಡಿತ್ತು. ಎಷ್ಟು ತೊಳೆದರೂ ಒಂದು ಉಳಿಯುವುದು ಹೊಸದೇನಲ್ಲ. ಅದನ್ನು ನೋಡಿದ. ಬಾಗಿಲಲ್ಲಿ ಸುಂಕಲಮ್ಮ ಬಂದು ನಿಂತಳು. ಅವನ ಕೈಯನ್ನೇ ನೋಡಿದಳು.

"ಅಪ್ಪಾ?" ಅಂದಳು ಮಗಳು, ಕಣ್ಣು ತೆರೆಯದೆ.

"ಸರಿ ಐತವ್ವ" ಅಂದ ಜಟ್ಟಪ್ಪ. "ಹೋಗು."

ಅವಳು ಹೋದಳು. ಲೋಕಮ್ಮ ಒಲೆಯ ಕಡೆ ತಿರುಗಿಕೊಂಡಳು.

ನಡುಮನೆಯಲ್ಲಿ ಪರಮಶಿವಪ್ಪನ ಹೆಂಡತಿ ಉಚ್ಚಂಗಮ್ಮ ಹೆಣ್ಣಿನ ಹೆಸರು ಕೇಳಿದಳು, ಓದು ಕೇಳಿದಳು, ಹತ್ತಿರ ಕರೆದು ಹೂವು ಸರಿಮಾಡುವ ನೆಪದಲ್ಲಿ ಮುಂದಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆ ಹೆಬ್ಬೆರಳು ಸುಳಿಯ ಮೇಲೆ ನಿಂತದ್ದನ್ನು ಜಟ್ಟಪ್ಪ ಕಂಡ. ಮಾಸ್ತಪ್ಪ ತಲೆ ತಗ್ಗಿಸಿ ಕೂತಿದ್ದ. ದುಂಡಗಿನ ಮುಖ, ಕಿರಿದಾದ ಹಣೆ. ಆ ಮುಖಕ್ಕೆ ಕೂದಲನ್ನು ಕೆಳಕ್ಕೆ ಬಾಚಿ ಕಿವಿಯ ಪಕ್ಕ ಬೈತಲೆ ತೆಗೆದುಕೊಂಡಿದ್ದ. ತಪ್ಪು ಬೈತಲೆ ಎಂದು ಆ ಹೊತ್ತಿನಲ್ಲೂ ಜಟ್ಟಪ್ಪನ ಕಣ್ಣಿಗೆ ಬಿತ್ತು.

ಹದಿನೈದು ದಿನ ಕಾದರೂ ಸೊರಬದಿಂದ ಸುದ್ದಿ ಬರಲಿಲ್ಲ. ಜಟ್ಟಪ್ಪ ಅಂಗಡಿಗೆ ಬೀಗ ಹಾಕಿ ತಾನೇ ಬಸ್ಸು ಹತ್ತಿದ. ಪರಮಶಿವಪ್ಪ ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಡಿಸಿ, ಭತ್ತದ ಮಾತು, ಕಚೇರಿಯ ಹೊಸ ಅಮಲ್ದಾರರ ಮಾತು ಎಲ್ಲ ಆಡಿದ. ಆಡಬೇಕಾದ್ದನ್ನು ಉಚ್ಚಂಗಮ್ಮ ಬಾಗಿಲಲ್ಲಿ ನಿಂತು ಹೇಳಿದಳು.

"ಹುಡುಗಿ ಗುಣ ಚಂದ ಉಂಟು, ಇಲ್ಲ ಅನ್ನೋದಿಲ್ಲ. ಮುಂದಲೆ ಸುಳಿ ಅದು. ಮಾವನಿಗೆ ಆಗೋದಿಲ್ಲ ಅಂತ ನಮ್ಮ ಕಡೆ ಹೇಳ್ತಾರೆ. ಇವರಿಗೆ ಮೊದಲೇ ಉಬ್ಬಸ."

ಪರಮಶಿವಪ್ಪ ನಾಚಿಕೆಯಿಂದ ಕೆಮ್ಮಿದ. "ನಂಗೇನೂ ಇಲ್ಲ ಮಾರಾಯ. ಇವಳದ್ದು."

"ಬೈತಲೆ ತಪ್ಪಾಗಿತ್ತು ರೀ" ಅಂದ ಜಟ್ಟಪ್ಪ. ತಾನು ಏನು ಹೇಳುತ್ತಿದ್ದೇನೆ ಎಂದು ತನಗೇ ಗೊತ್ತಾಗುವ ಮೊದಲು ಹೇಳಿಬಿಟ್ಟಿದ್ದ. "ಅದು ಬಲಕ್ಕೆ ಬಂದಿತ್ತು. ಎಡಕ್ಕೆ ತೆಗೀಬೇಕಿತ್ತು. ಎಡಕ್ಕೆ ತೆಗೆದ್ರೆ ಆ ಸುಳಿ ಕಾಣಾದೇ ಇಲ್ಲ."

"ಅಂದ್ರೆ ಮುಚ್ಚಿಡೋ ಅಂದಾಜಿತ್ತು ಅಂತಾಯ್ತು" ಅಂದಳು ಉಚ್ಚಂಗಮ್ಮ. ಕೋಪದಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಜಟ್ಟಪ್ಪ ಕಾಫಿ ಲೋಟ ಬೋರಲು ಹಾಕಿ ಎದ್ದ.

ಬಸ್ಸು ನಿಲ್ಲುವ ಕಡೆ ಮಾಸ್ತಪ್ಪ ಸೈಕಲ್ಲು ತಳ್ಳಿಕೊಂಡು ಬಂದ. ಏನೋ ಹೇಳಬೇಕೆಂದು ಬಂದವನು ಸೈಕಲ್ಲಿನ ಗಂಟೆ ಒತ್ತುತ್ತ ನಿಂತ.

"ಬೇಜಾರ್ ಮಾಡ್ಕೋಬೇಡಿ. ಅವ್ವನ ಮಾತು ಮೀರೋದು ಕಷ್ಟ."

"ಇರಲಿ ಬಿಡಪ್ಪ."

"ನೀವು ಮುಖ ನೋಡಿ ಬೈತಲೆ ತೆಗೀತೀರಂತೆ. ಕಚೇರೀಲಿ ಎಲ್ಲರೂ ಹೇಳ್ತಾರೆ." ಮತ್ತೆ ಗಂಟೆ ಒತ್ತಿದ. "ನಾಡಿದ್ದು ಚಂದ್ರಗುತ್ತಿಗೆ ಹೋಗೋದುಂಟು. ಹೆಣ್ಣು ನೋಡೋಕೆ. ನಂಗೆ ಯಾವ ಕಡೆ ಒಪ್ಪುತ್ತೆ, ಹೇಳ್ತೀರಾ?"

ಅವನ ಮುಖದಲ್ಲಿ ಕೊಂಕಿರಲಿಲ್ಲ. ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂಬ ಅರಿವೂ ಇರಲಿಲ್ಲ. ಜಟ್ಟಪ್ಪನ ಕೈ ಜೇಬಿನ ಬಾಚಣಿಗೆಗೆ ಹೋಯಿತು. ಎಡಗೈಯಿಂದ ಅವನ ಗಲ್ಲ ಹಿಡಿದು ಎಡಕ್ಕೊಂದು ಸಲ ಬಲಕ್ಕೊಂದು ಸಲ ತಿರುಗಿಸಿದ, ಒಂದು ಕಣ್ಣು ಮುಚ್ಚಿದ. ಆಮೇಲೆ ಅವನ ಬೆನ್ನ ಹಿಂದೆ ಹೋಗಿ ನಿಂತು, ಕಿವಿಯ ಪಕ್ಕದ ಬೈತಲೆಯನ್ನು ಅಳಿಸಿ, ಕೂದಲನ್ನು ಹಣೆಯಿಂದ ಮೇಲಕ್ಕೆ ಎತ್ತಿ, ನಡುವಿಗೆ ಒಂದೇ ಎಳೆತದಲ್ಲಿ ಗೀರಿದ. ಒಂದು ಕೂದಲೂ ಆಚೀಚೆ ಆಗಲಿಲ್ಲ.

"ಹಿಂಗೇ ಇಟ್ಕೊ" ಅಂದ. "ಎಣ್ಣೆ ಕಮ್ಮಿ ಹಚ್ಚು."

ಮಾಸ್ತಪ್ಪ ಸೈಕಲ್ಲಿನ ಗಂಟೆಯ ಬಟ್ಟಲಿನಲ್ಲಿ ಮುಖ ನೋಡಿಕೊಂಡು ನಕ್ಕ. ನಿಜವಾಗಿಯೂ ಒಪ್ಪಿತ್ತು. ಬಸ್ಸು ಬಂತು. ಶಿರಾಳಕೊಪ್ಪದವರೆಗೆ ಜಟ್ಟಪ್ಪ ಬಾಚಣಿಗೆಯನ್ನು ಕೈಯಲ್ಲೇ ಹಿಡಿದು ಕೂತಿದ್ದ.

ಮನೆಗೆ ಬಂದಾಗ ಅಕ್ಕನಾಗಮ್ಮ ಅಂಗಳ ಗುಡಿಸುತ್ತಿದ್ದಳು. ಅಪ್ಪನ ಮುಖ ಒಮ್ಮೆ ನೋಡಿ ಗುಡಿಸುತ್ತಲೇ ಇದ್ದಳು. ಹೇಳಬೇಕಾದ್ದು ಒಂದಿದೆ ಎಂದು ಅವನಿಗೇ ಅನ್ನಿಸಿತು.

"ನಂಗೆ ಅವತ್ತೇ ಕಂಡಿತ್ತವ್ವ. ಬೈತಲೆ ಆ ಕಡೆ ಬಂದಿದ್ದು."

ಅವಳು ಪೊರಕೆ ನಿಲ್ಲಿಸಿದಳು. "ಗೊತ್ತು" ಅಂದಳು. "ನೀ ಬಾಚಣಿಗೆ ತಗಂಡ್ಯಲ್ಲ, ಆವಾಗಲೇ ಗೊತ್ತಾತು." ಮತ್ತೆ ಗುಡಿಸತೊಡಗಿದಳು. ಅವಳ ತಲೆಯಲ್ಲಿ ಹಳೆಯ ನಡುಬೈತಲೆ ಇತ್ತು. ಸುಂಕಲಮ್ಮ ಎಂದಿಗಿಂತ ಬಿಗಿಯಾಗಿ ಜಡೆ ಹಾಕಿದ್ದಳು.

ಮುಂದಿನ ವರ್ಷ ಅವಳನ್ನು ಉಡುತಡಿಯ ರಾಜಪ್ಪನಿಗೆ ಕೊಟ್ಟರು. ಮೊದಲ ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡು ಎರಡು ಮಕ್ಕಳಿದ್ದ ಮನೆ. ರಾಜಪ್ಪ ಕೆಟ್ಟವನಲ್ಲ. ಆದರೆ ಹೆಣ್ಣು ನೋಡುವ ಶಾಸ್ತ್ರ ಬೇಡವೆಂದು ಅವರೇ ಹೇಳಿ ಕಳಿಸಿದ್ದರು. ಮನೆಗೆಲಸ ಬಲ್ಲವಳಾದರೆ ಸಾಕು, ಮುಖ ಕಟ್ಟಿಕೊಂಡು ಏನಾಗಬೇಕು ಅಂದರಂತೆ. ಮದುವೆಯ ದಿನ ಐದು ಮಂದಿ ಮುತ್ತೈದೆಯರು ಸೇರಿ ಮೂಗಿನ ನೇರಕ್ಕೆ ಬೈತಲೆ ತೆಗೆದರು. ಜಟ್ಟಪ್ಪ ಆಗ ಚಪ್ಪರದ ಹೊರಗೆ ಮದುಮಗನಿಗೆ ಕ್ಷೌರ ಮಾಡುತ್ತಿದ್ದ.

ಅವಳನ್ನು ನೋಡಲು ಮೂರು ಸಲ ಗಂಡಿನ ಕಡೆಯವರು ಬಂದಿದ್ದರು. ಮೂರು ಸಲದಲ್ಲಿ ಒಂದು ಸಲವೂ ಜಟ್ಟಪ್ಪ ಮಗಳ ಬೈತಲೆ ತೆಗೆಯಲಿಲ್ಲ.